ಮಗುವಿನ ಸೊಂಟವನ್ನೂ ಒಮ್ಮೆ ಪರೀಕ್ಷಿಸಿ

ನಮ್ಮ ಬಂಧುಗಳ ಮನೆಯ ಹೆಣ್ಣುಮಗುವೊಂದು ಹದಿನಾರನೆಯ ತಿಂಗಳಲ್ಲಿ ನಡೆಯತೊಡಗಿದಾಗ ಒಂದು ಪಕ್ಕಕ್ಕೆ ವಾಲುತ್ತಿತ್ತು. ‘ಬೆಳೆಯುತ್ತ ಸರಿಹೋಗುತ್ತದೆ’ ಎಂದರು ಹಿರಿಯರು, ನಾನೂ ದನಿಗೂಡಿಸಿದೆ. ತಿಂಗಳುಗಳ ನಂತರ ಎಕ್ಸ್‌ರೇ ತೆಗೆಸಿದಾಗ ಎಡತೊಡೆಯ ಮೂಳೆ ಸೊಂಟದ ಕುಳಿಯಿಂದ ಹೊರಜಾರಿತ್ತು. ಆಮೇಲೆ ಶಸ್ತ್ರಚಿಕಿತ್ಸೆ, ಎದೆಯಿಂದ ಪಾದದವರೆಗೆ ವಾರಗಟ್ಟಲೆ ಪ್ಲಾಸ್ಟರ್. ಗರ್ಭದಲ್ಲಿ ಪೃಷ್ಠ ಕೆಳಗಾಗಿದ್ದ ಮಗುವದು. ಆದರೂ ಹೆರಿಗೆಯಾದ ಆಸ್ಪತ್ರೆಯಲ್ಲಿ ಯಾರೂ ಅದರ ಸೊಂಟವನ್ನು ಪರೀಕ್ಷಿಸಿರಲಿಲ್ಲ.

ವೈದ್ಯರು ‘ಡಿಡಿಎಚ್’ ಎನ್ನುವ ಈ ನ್ಯೂನತೆ ಹೆಣ್ಣುಮಕ್ಕಳಲ್ಲಿ, ಚೊಚ್ಚಲ ಶಿಶುಗಳಲ್ಲಿ, ಕುಟುಂಬದಲ್ಲಿ ಹಿಂದೆ ಇದ್ದವರಲ್ಲಿ ಹೆಚ್ಚು. ಎಳೆಯ ಕೂಸಿಗೆ ಇದರಿಂದ ನೋವಿಲ್ಲ. ಆದ್ದರಿಂದಲೇ ಅದು ಕಣ್ತಪ್ಪುತ್ತದೆ. ಇದನ್ನು ಪತ್ತೆಹಚ್ಚಲು ಬೇಕಾದದ್ದು ಮೊದಲಿಗೆ ಪಳಗಿದ ಎರಡು ಕೈಗಳು ಮಾತ್ರ. ಇಟಲಿಯ ಓರ್ಟೊಲಾನಿ 1937ರಲ್ಲಿ, ಇಂಗ್ಲೆಂಡಿನ ಬಾರ್ಲೋ 1962ರಲ್ಲಿ ವಿವರಿಸಿದ ಪರೀಕ್ಷೆಗಳು ಇಂದಿಗೂ ಬಳಕೆಯಲ್ಲಿವೆ. ಬೇಗ ತಿಳಿದರೆ ಚಿಕಿತ್ಸೆಯೂ ಸರಳ. ಪಾವ್ಲಿಕ್ ಪಟ್ಟಿಯು ಕಾಲುಗಳನ್ನು ಮಡಿಸಿ ಅಗಲವಾಗಿ ಹಿಡಿದಿಡುತ್ತದೆ. ಕೆಲವು ವಾರಗಳಲ್ಲೇ ಹೆಚ್ಚಿನ ಮಕ್ಕಳಲ್ಲಿ ಕೀಲು ತನ್ನ ಸ್ಥಾನದಲ್ಲಿ ನೆಲೆಗೊಳ್ಳುತ್ತದೆ. ಆರು ತಿಂಗಳು ದಾಟಿದರೆ ಆ ಪಟ್ಟಿ ಅಷ್ಟಾಗಿ ಫಲಿಸದು. ಅರಿವಳಿಕೆ ಕೊಟ್ಟು ಕೀಲು ಕೂರಿಸಿ ಪ್ಲಾಸ್ಟರ್ ಹಾಕಬೇಕಾಗುತ್ತದೆ. ಒಂದೂವರೆ ವರ್ಷದ ನಂತರ ಹಲವರಿಗೆ ಮೂಳೆಯನ್ನೇ ಕತ್ತರಿಸಿ ಜೋಡಿಸಬೇಕು. ಚಿಕಿತ್ಸೆಯೇ ಇಲ್ಲದಿದ್ದರೆ ಕುಂಟುನಡೆಯ ಜೊತೆಗೆ ಅಕಾಲದ ಸಂಧಿವಾತವೂ ಕಾದಿರುತ್ತದೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಈ ನ್ಯೂನತೆಯೂ ಸೇರಿದೆ. ಕಾಗದದ ಮೇಲಿರುವುದು ತೊಟ್ಟಿಲಿನವರೆಗೆ ತಲುಪಬೇಕಷ್ಟೆ. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಲಸಿಕೆಗೆಂದು ತಾಯಂದಿರು ಮಗುವನ್ನು ಹೇಗೂ ಕರೆತರುತ್ತಾರೆ. ಪಟ್ಟಿ ಫಲಿಸುವ ಕಾಲವೂ ಅದೇ. ತೊಡೆಗಳು ಸಮನಾಗಿ ಅಗಲುತ್ತವೆಯೇ, ಮಡಿಸಿದ ಮೊಣಕಾಲುಗಳು ಒಂದೇ ಎತ್ತರದಲ್ಲಿವೆಯೇ ಎಂದು ನೋಡಲು ದಾದಿಯರಿಗೆ ತರಬೇತಿ ನೀಡಿ, ಅದನ್ನು ತಾಯಿ ಕಾರ್ಡಿನಲ್ಲಿ ದಾಖಲಿಸುವುದು ಕಷ್ಟವಲ್ಲ. ಆಸ್ಟ್ರಿಯಾ 1992ರಿಂದ ಎಲ್ಲ ಶಿಶುಗಳಿಗೂ ಅಲ್ಟ್ರಾಸೌಂಡ್ ಮಾಡಿಸುತ್ತ ಬಂದಿದೆ. ನಾವು ಪೃಷ್ಠ ಕೆಳಗಾಗಿದ್ದ ಶಿಶುಗಳಿಗಾದರೂ ಆರನೆಯ ವಾರದಲ್ಲಿ ಅದನ್ನು ಕಡ್ಡಾಯಗೊಳಿಸಬಾರದೇಕೆ?

ಮನೆಯವರ ಹೊಣೆಯೂ ಇದೆ. ಕಾಲು ನೆಟ್ಟಗಾಗಲೆಂದು ಕೂಸನ್ನು ಬಟ್ಟೆಯಲ್ಲಿ ಬಿಗಿದು ಸುತ್ತುವುದು ಕೀಲಿಗೆ ಅಪಾಯಕಾರಿ. ಮಗುವನ್ನು ಸೊಂಟದ ಮೇಲೆ ಕಾಲಗಲಿಸಿ ಎತ್ತಿಕೊಳ್ಳುವ ನಮ್ಮಜ್ಜಿಯರ ರೂಢಿಯೇ ಅದಕ್ಕಿಂತ ಹಿತಕರ. ಆ ಹೆಣ್ಣುಮಗು ಈಗ ಓಡಾಡುತ್ತಿದೆ. ಆದರೆ ಸೊಂಟದ ಮೇಲಿನ ಆ ಉದ್ದನೆಯ ಗಾಯದ ಗುರುತು ಕಂಡಾಗಲೆಲ್ಲ, ನಾನಾಡಿದ ‘ಸರಿಹೋಗುತ್ತದೆ’ ಎಂಬ ಮಾತು ನನ್ನನ್ನು ಚುಚ್ಚುತ್ತದೆ.