ಮುತ್ಯಾನ ಚಂಚಿ ಮತ್ತು ಸ್ವೀಡನ್ನಿನ ಡಬ್ಬಿ



ಕಳೆದ ತಿಂಗಳು ಭಾಲ್ಕಿಯಲ್ಲಿ ನೀವೆಲ್ಲ ಸೇರಿ ನಡೆಸಿದ ಗುರುವಂದನೆಯ ದಿನ, ಊಟವಾದ ಮೇಲೆ ಬೇವಿನ ಮರದ ನೆರಳಿನಲ್ಲಿ ಒಂದು ಮಾತುಕತೆ ನಡೆಯಿತು. ಅದಕ್ಕೆ ನಾನು ಅಂದೇ ಉತ್ತರ ಕೊಡಬೇಕಾಗಿತ್ತು. ಕೊಡಲಿಲ್ಲ. ಶಾಲು-ಹಾರಗಳ ಸಂಕೋಚದಲ್ಲಿ ಸುಮ್ಮನಾದೆನೆಂದು ನೀವು ತಿಳಿದಿರಬಹುದು. ಕಾರಣ ಅದಲ್ಲ; ಅದನ್ನು ಮುಂದೆ ಹೇಳುತ್ತೇನೆ.

ಸ್ವೀಡನ್ ದೇಶದಲ್ಲಿ ಎಂಜಿನಿಯರನಾಗಿರುವ ಔರಾದ ಕಡೆಯ ನಮ್ಮ ಹುಡುಗ (ತಲೆ ನರೆತಿದ್ದರೂ ನನಗೆ ಹುಡುಗನೇ) ಜೇಬಿನಿಂದ ಒಂದು ದುಂಡನೆಯ ಡಬ್ಬಿ ತೆಗೆದನು. ಒಳಗೆ ಒದ್ದೆ ಮಣ್ಣಿನಂತಹ ಕಪ್ಪು ಪುಡಿ. ಅದರ ಹೆಸರು ಸ್ನೂಸ್. ಬೆರಳಿನಿಂದ ಉಂಡೆಮಾಡಿ ಮೇಲ್ದುಟಿಯೊಳಗೆ ಇಟ್ಟುಕೊಳ್ಳುವ ತಂಬಾಕು, ಉಗುಳುವ ರಗಳೆಯಿಲ್ಲ. ಅದರಲ್ಲಿ ಬರ್ಗಮಾಟ್ ಎಂಬ ಕಿತ್ತಳೆ ಜಾತಿಯ ಹಣ್ಣಿನ ಪರಿಮಳವಿರುವುದನ್ನೂ, 1822ರಿಂದ ಒಂದೇ ಹೆಸರಿನಲ್ಲಿ ಮಾರಾಟವಾಗುವ 'ಎಟ್ಟನ್' ಎಂಬ ಸ್ನೂಸ್ ಇರುವುದನ್ನೂ, ಅಲ್ಲಿಯ ಜನ ಅದನ್ನು ತಮ್ಮ ಸಂಸ್ಕೃತಿಯೆಂದೇ ಭಾವಿಸುವುದನ್ನೂ ಅವನು ಬಹಳ ಸೊಗಸಾಗಿ ವರ್ಣಿಸಿದನು. ಕೊನೆಗೆ ಹೇಳಿದ್ದು ಇಷ್ಟು: "ನಮ್ಮ ಮುತ್ಯಾ ಅಂಗೈದಾಗ ತಿಕ್ಕತಿದ್ದನಲ್ರಿ ಸರ್, ಅದೇ ಇದು. ನಮ್ದೂ ಒಂದು ಪರಂಪರೆ ಅದಾರಿ." ಎಲ್ಲರೂ ನಕ್ಕಿರಿ. ನಿಮ್ಮಲ್ಲೊಬ್ಬರು ಪಾನ್ ಮಸಾಲಾದ ಪಾಕೀಟನ್ನು ಹಲ್ಲಿನಿಂದ ಹರಿದು, "ಹಂಗಾರ ಇದೂ ಪರಂಪರೆನೇ ಬಿಡ್ರಿ" ಎಂದರು.

ಈ 'ಪರಂಪರೆ' ಎಂಬ ಮಾತಿನ ಮೇಲೆಯೇ ನನ್ನ ಜಗಳ.

ರುಚಿಯ ವಿಷಯದಲ್ಲಿ ನಾನು ಸುಳ್ಳು ಹೇಳಲಾರೆ. ನನ್ನ ಮುತ್ಯಾನ ಚಂಚಿಯ ವಾಸನೆ ಇಂದಿಗೂ ನನ್ನ ಮೂಗಿನಲ್ಲಿದೆ. ಕೆಂಪು ಬಟ್ಟೆಯ ಚಂಚಿ. ಒಂದು ಖಾನೆಯಲ್ಲಿ ಎಲೆ, ಒಂದರಲ್ಲಿ ಅಡಿಕೆ, ಇನ್ನೊಂದರಲ್ಲಿ ಮುರಿದ ತಂಬಾಕಿನ ಎಸಳು, ದಾರಕ್ಕೆ ಕಟ್ಟಿದ ಹಿತ್ತಾಳೆಯ ಸುಣ್ಣದ ಡಬ್ಬಿ. ಎಡ ಅಂಗೈಯಲ್ಲಿ ತಂಬಾಕು ಹಾಕಿ, ಉಗುರಿನ ತುದಿಯಷ್ಟು ಸುಣ್ಣ ಹಚ್ಚಿ, ಬಲ ಹೆಬ್ಬೆರಳಿನಿಂದ ತಿಕ್ಕಿ, ಎರಡು ಸಲ ತಟ್ಟಿ ಧೂಳು ಹಾರಿಸುವನು. ಅಷ್ಟರಲ್ಲಿ ಮಗ್ಗುಲಲ್ಲಿದ್ದವನು ಕೈಚಾಚಿರುವನು. ಜಾತಿ-ಮತ ಕೇಳದೆ ಕೊಡುವ ವಸ್ತು ಅದೊಂದೇ ಇತ್ತೆಂದು ತೋರುತ್ತದೆ. ಆಯಿ ಹುರಿದ ತಂಬಾಕಿನ ಮಿಶ್ರಿಯಿಂದ ಹಲ್ಲುಜ್ಜುತ್ತಿದ್ದಳು. ಇದೆಲ್ಲ ಚೆಲುವೇ. ಆದರೆ ಚೆಲುವಾದುದೆಲ್ಲ ಪರಂಪರೆಯೇ?

ಲೆಕ್ಕ ಹಾಕೋಣ. ತಂಬಾಕು ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಹನ್ನೆರಡನೆಯ ಶತಮಾನದಲ್ಲಿ ನಮ್ಮ ಬಸವಕಲ್ಯಾಣದ ಶರಣರ ಮನೆಗಳಲ್ಲಿ ತಾಂಬೂಲವಿದ್ದೀತು, ತಂಬಾಕು ಇರಲು ಸಾಧ್ಯವೇ ಇಲ್ಲ. ಅಕ್ಬರನ ರಾಯಭಾರಿ ಅಸದ್ ಬೇಗ್ ಅದನ್ನು ಮೊದಲು ಕಂಡದ್ದು ನಮ್ಮ ವಿಜಯಪುರದಲ್ಲಿ. 1604-05ರ ಸುಮಾರಿಗೆ ಅವನು ಅದನ್ನು ರತ್ನಖಚಿತ ನಳಿಗೆಯೊಡನೆ ಆಗ್ರಾಕ್ಕೆ ಒಯ್ದು ಬಾದಶಹನ ಮುಂದಿಟ್ಟನು. ಆಸ್ಥಾನದ ಹಕೀಮರು ಅಂದೇ ಬೇಡವೆಂದರು. 1617ರಲ್ಲಿ ಜಹಾಂಗೀರನು ನಿಷೇಧದ ಫರ್ಮಾನನ್ನೇ ಹೊರಡಿಸಿದನು. ಆಗ ಬೀದರಿನಲ್ಲಿ ಇನ್ನೂ ಬರೀದ್ ಶಾಹಿಗಳ ಆಳ್ವಿಕೆಯಿತ್ತು. ಅಂದರೆ ತಂಬಾಕು ನಮ್ಮಲ್ಲಿ ಎಷ್ಟು ಹಳೆಯದೋ, ಅದರ ಮೇಲಿನ ತಕರಾರೂ ಹೆಚ್ಚುಕಡಿಮೆ ಅಷ್ಟೇ ಹಳೆಯದು. ಪರಂಪರೆಯೆನ್ನುವುದಾದರೆ ಹಕೀಮರ ಮಾತೂ ಪರಂಪರೆಯೇ.

"ಹಾಗಾದರೆ ಬಿದ್ರಿ ಹುಕ್ಕಾ?" ಎಂದು ನೀವು ಕೇಳುವಿರಿ. ಕೇಳಲೇಬೇಕು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಬಿದ್ರಿಯ ಹುಕ್ಕಾ ಬುಡಗಳಿವೆ. ಸತು-ತಾಮ್ರದ ಎರಕ, ಅದರಲ್ಲಿ ಕೆತ್ತಿ ಕೂರಿಸಿದ ಬೆಳ್ಳಿಯ ಬಳ್ಳಿ, ಕೋಟೆಯ ಮಣ್ಣಿನಿಂದ ಬಂದ ಆ ಕಡುಗಪ್ಪು. ಅವುಗಳಲ್ಲಿ ಇಂದು ಒಂದು ಚೂರು ತಂಬಾಕಿಲ್ಲ. ಅದರಿಂದ ಅವುಗಳ ಅಂದ ಕುಂದಿದೆಯೇ? ಬೀದರಿನ ಪರಂಪರೆ ಆ ಬೆಳ್ಳಿ ಕೂರಿಸಿದ ಕೈಯಲ್ಲಿತ್ತು, ಹೊಗೆಯಲ್ಲಿ ಇರಲಿಲ್ಲ. ಆ ಕುಶಲಕರ್ಮಿಯ ಮಕ್ಕಳು ಕಸಬು ಬಿಡುವಾಗ ಮೌನವಾಗಿರುವ ನಾವು ತಂಬಾಕಿನ ಮಾತು ಬಂದೊಡನೆ ಪರಂಪರೆಯ ವಾರಸುದಾರರಾಗುವುದು ವಿಚಿತ್ರ.

ಇನ್ನು ಸ್ವೀಡನ್ನಿನ ಹೋಲಿಕೆ. ನಾನು ವಿಜ್ಞಾನದ ಮೇಷ್ಟ್ರು. ಇಲ್ಲಿ ಸ್ವಲ್ಪ ಪಾಠ ಮಾಡುತ್ತೇನೆ, ಹಿಂದಿನ ಬೆಂಚಿನವರೂ ಕೇಳಬೇಕು. ಮುತ್ಯಾನ ಸುಣ್ಣ ಮತ್ತು ಸ್ನೂಸಿಗೆ ಬೆರೆಸುವ ಸೋಡಿಯಂ ಕಾರ್ಬೊನೇಟ್ ಮಾಡುವ ಕೆಲಸ ಒಂದೇ. ಎರಡೂ ಕ್ಷಾರಗಳು. ಕ್ಷಾರ ಸೇರಿದಾಗ ನಿಕೊಟಿನ್ ತನ್ನ ಲವಣರೂಪದಿಂದ ಬಿಡುಗಡೆಯಾಗಿ ಬಾಯಿಯ ತೆಳುಪೊರೆಯನ್ನು ದಾಟಿ ಬೇಗನೆ ರಕ್ತ ಸೇರುತ್ತದೆ. ಇಷ್ಟರ ಮಟ್ಟಿಗೆ ನಮ್ಮ ಹುಡುಗನ ಮಾತು ಸರಿ. ಮುಂದೆ ದಾರಿ ಬೇರೆಯಾಗುತ್ತದೆ. ತಂಬಾಕಿನಲ್ಲಿ ಕ್ಯಾನ್ಸರಿಗೆ ಮುಖ್ಯ ಕಾರಣವಾಗುವ ನೈಟ್ರೊಸಮೈನ್‌ಗಳು ಎಲೆಯನ್ನು ಒಣಗಿಸಿ ಹದಗೊಳಿಸುವಾಗ, ಕೊಳೆಯುವಾಗ, ಸೂಕ್ಷ್ಮಜೀವಿಗಳ ಸಹಾಯದಿಂದ ಹೆಚ್ಚುತ್ತವೆ. ಸ್ವೀಡನ್ನಿನವರು ಪುಡಿಯನ್ನು ಹಬೆಯಲ್ಲಿ ಕಾಯಿಸಿ ಆ ಜೀವಿಗಳನ್ನು ಕೊಲ್ಲುತ್ತಾರೆ, ವಿಷಾಂಶಕ್ಕೆ ಮಿತಿ ಗೊತ್ತುಪಡಿಸಿ ಅಳೆಯುತ್ತಾರೆ, ಅಂಗಡಿಯಲ್ಲಿ ತಣ್ಣನೆಯ ಪೆಟ್ಟಿಗೆಯಲ್ಲಿ ಇಡುತ್ತಾರೆ. ನಮ್ಮದೋ, ಬೀದರಿನ ಮೇ ತಿಂಗಳ ಬಿಸಿಲಿನಲ್ಲಿ ಅಂಗಡಿಯ ಮುಂದೆ ತೋರಣದಂತೆ ತೂಗುತ್ತಿರುತ್ತದೆ. ಇಷ್ಟು ಜಾಗ್ರತೆ ವಹಿಸಿದ ಸ್ನೂಸನ್ನೂ ಐರೋಪ್ಯ ಒಕ್ಕೂಟವು 1992ರಲ್ಲಿ ನಿಷೇಧಿಸಿತು; 1995ರಲ್ಲಿ ಸ್ವೀಡನ್ ಒಕ್ಕೂಟಕ್ಕೆ ಸೇರುವಾಗ ತನಗೆ ಮಾತ್ರ ವಿನಾಯಿತಿ ಪಡೆಯಿತು. ಸಿಗರೇಟಿಗಿಂತ ಅದರ ಹಾನಿ ಕಡಿಮೆ ಎಂಬುದನ್ನು ಒಪ್ಪುತ್ತೇನೆ. ಆದರೆ ಸಿಗರೇಟು ಬಿಡಲು ಸ್ನೂಸ್ ಹಿಡಿದ ಸ್ವೀಡನ್ನಿನವನ ವಾದವನ್ನು ಏನೂ ಸೇದದ ಔರಾದ ಹುಡುಗನ ಬಾಯಿಗೆ ತುರುಕಬೇಡಿ.

ನಮ್ಮ ದೇಶದಲ್ಲಿ 2016-17ರ ಸಮೀಕ್ಷೆಯಂತೆ ವಯಸ್ಕರಲ್ಲಿ ನೂರಕ್ಕೆ 21ಕ್ಕೂ ಹೆಚ್ಚು ಮಂದಿ ಹೊಗೆರಹಿತ ತಂಬಾಕು ಬಳಸುತ್ತಿದ್ದರು. ಗುಟ್ಕಾವನ್ನು ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರಲ್ಲಿ ನಿಷೇಧಿಸಿದವು. ಆದದ್ದೇನು? ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು. ಬೆರೆಸುವ ಕೆಲಸವನ್ನು ಕಾರ್ಖಾನೆಯಿಂದ ಗಿರಾಕಿಯ ಬಾಯಿಗೆ ವರ್ಗಾಯಿಸಿದರು. 2025ರಿಂದ ನಮ್ಮ ರಾಜ್ಯದಲ್ಲಿ ತಂಬಾಕು ಕೊಳ್ಳಲು 21 ವರ್ಷ ತುಂಬಿರಬೇಕು. ಶಾಲೆ ಬಿಟ್ಟ ಹೊತ್ತಿನಲ್ಲಿ ಯಾವುದಾದರೂ ಪಾನ್ ಡಬ್ಬಿಯ ಮುಂದೆ ಅರ್ಧ ತಾಸು ನಿಂತು ನೋಡಿ, ಎಷ್ಟು ಜನರ ವಯಸ್ಸು ಕೇಳುತ್ತಾರೆಂಬುದು ತಿಳಿಯುತ್ತದೆ. (ಅಡಿಕೆಯೊಂದೇ ಸಾಕು, ಬಾಯಿ ಕೆಡಲು, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಅಡಿಕೆ ಬೆಳೆಯುವ ಸೀಮೆಯ ಬೀಗರು ಕ್ಷಮಿಸಬೇಕು.)

ಈಗ ನಾನು ಅಂದು ಸುಮ್ಮನಿದ್ದ ಕಾರಣ. ನಿಮ್ಮಲ್ಲಿ ಹಳಬರಿಗೆ ನೆನಪಿರಬಹುದು: ನನ್ನ ವೃತ್ತಿಯ ಮೊದಲ ಹತ್ತು-ಹನ್ನೆರಡು ವರ್ಷ ನಾನೂ ತಿಕ್ಕುತ್ತಿದ್ದೆ. ಬಿ.ಎಡ್.ನಲ್ಲಿ ಮಕ್ಕಳ ಮನೋವಿಜ್ಞಾನ ಓದಿ ಬಂದವನು, ಅವರ ಎದುರೇ ಕಿಟಕಿಯ ಬಳಿ ನಿಂತು ತಿಕ್ಕುತ್ತಿದ್ದೆ. ಮುಗಿದಾಗ ಒಂಬತ್ತನೆಯ ತರಗತಿಯ ಒಬ್ಬ ಚುರುಕು ಹುಡುಗನ ಕೈಗೆ ಎಂಟಾಣೆ ಕೊಟ್ಟು ಅಂಗಡಿಗೆ ಕಳುಹಿಸುತ್ತಿದ್ದೆ. ಅವನಿಗೆ ಅದೊಂದು ಗೌರವವಾಗಿತ್ತು. ಉಳಿದವರು ಅವನನ್ನು ಅಸೂಯೆಯಿಂದ ನೋಡುತ್ತಿದ್ದರು.

ಅವನೂ ಅಂದು ಮರದಡಿ ನಮ್ಮೊಡನೆ ಇದ್ದನು. ನೀವೆಲ್ಲ ಹುಗ್ಗಿ, ಭಜಿ, ಬದನೆಕಾಯಿ ಪಲ್ಯ ಉಣ್ಣುವಾಗ ಅವನು ಮೊಸರನ್ನವನ್ನು ಮಾತ್ರ ಕಲಸಿ, ಚಮಚದ ತುದಿಯಿಂದ ಒಳಗೆ ತಳ್ಳಿಕೊಳ್ಳುತ್ತಿದ್ದುದನ್ನು ಎಷ್ಟು ಜನ ಗಮನಿಸಿದಿರೋ ತಿಳಿಯದು. ನಾನು ಪಕ್ಕದಲ್ಲಿಯೇ ಇದ್ದೆ. "ಖಾರ ತಡಿಯಂಗಿಲ್ರಿ ಸರ್, ಬಾಯಿ ಇಷ್ಟೇ ತೆರಿತದ" ಎಂದು ಬೆರಳು ತೋರಿಸಿದನು. ಎರಡು ಬೆರಳೂ ಹಿಡಿಸವು. ಒಳಗೆ ಕೆನ್ನೆ ನಾರಿನಂತೆ ಬಿಗಿದಿದೆ. ಮೊದಲು ತಂಬಾಕು, ಆಮೇಲೆ ಇಪ್ಪತ್ತು ವರ್ಷ ಗುಟ್ಕಾ. ಶುರುವಾದದ್ದು ಎಲ್ಲಿಂದ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅವನ ಎದುರಿಗೆ ಪರಂಪರೆಯ ವಿರುದ್ಧ ಭಾಷಣ ಮಾಡುವ ಅಧಿಕಾರ ನನಗಿತ್ತೇ?

ಅದಕ್ಕೇ ಇಲ್ಲಿ ಬರೆದಿದ್ದೇನೆ. ಸ್ವೀಡನ್ನಿನ ಹುಡುಗನಿಗೆ ನನ್ನ ಸಿಟ್ಟೇನಿಲ್ಲ. ಅವನು ಮುತ್ಯಾನನ್ನು ನೆನೆದನು, ಅದು ಒಳ್ಳೆಯ ಮನಸ್ಸು. ಮುತ್ಯಾನ ಸುಣ್ಣದ ಡಬ್ಬಿ ನನ್ನ ಕಪಾಟಿನಲ್ಲಿದೆ, ಮುಂದಿನ ಸಲ ಬಂದಾಗ ತೋರಿಸುತ್ತೇನೆ. ಬರುವ ಸೋಮವಾರ ನಾನು ಮೊಸರನ್ನದ ಹುಡುಗನನ್ನು ಕರೆದುಕೊಂಡು ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೆ ಹೊರಟಿದ್ದೇನೆ. ಕೆನ್ನೆಯ ಒಳಗೊಂದು ಬಿಳಿಯ ಮಚ್ಚೆಯಿದೆ, ತೋರಿಸಿಕೊಂಡು ಬರಬೇಕು. ಕಲಬುರಗಿಯಲ್ಲಿರುವ ನಿಮ್ಮಲ್ಲಿ ಯಾರಾದರೂ ಅಂದು ಬಿಡುವಾಗಿದ್ದರೆ ನಮ್ಮೊಡನೆ ಬನ್ನಿ. ಅವನು ಒಬ್ಬನೇ ಹೋಗಲು ಹೆದರುತ್ತಿದ್ದಾನೆ.