ಈ ರಸ್ತೆಯನ್ನು ಅಗಲ ಮಾಡಬೇಡಿ

ನಮ್ಮೂರಿನ ಕೈಮರದ ಹತ್ತಿರ ಕಳೆದ ತಿಂಗಳು ಒಂದು ಫ್ಲೆಕ್ಸ್ ಎದ್ದಿತು. ರಸ್ತೆ ಅಗಲೀಕರಣಕ್ಕೆ ಅನುದಾನ ತಂದವರಿಗೆ ಅಭಿನಂದನೆ, ಕೆಳಗೆ ಸಾಲಾಗಿ ಇಪ್ಪತ್ತು ಮುಖಗಳು. ಸೈಕಲ್ ನಿಲ್ಲಿಸಿ ಓದುತ್ತಿದ್ದೆ. ಅಂಗಡಿಯ ಅಣ್ಣ ಕೇಳಿದರು, "ಖುಷಿ ಆಯ್ತಲ್ಲ ಮಾಸ್ಟ್ರೆ? ಇನ್ನು ನಿಮ್ಗೆ ಸೈಕಲ್ ಬಿಡ್ಲಿಕ್ಕೆ ಆರಾಮ." ನಾನು ನಕ್ಕು ಮುಂದೆ ಹೋದೆ. ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಈಗ ಬರೆಯುತ್ತಿದ್ದೇನೆ.

ನಾನು ಹೇಳುವುದು ಇಷ್ಟೆ: ಈ ರಸ್ತೆ ಅಗಲವಾದರೆ ಇದರ ಮೇಲೆ ಇನ್ನು ಯಾರೂ ಸೈಕಲ್ ಬಿಡುವುದಿಲ್ಲ. ನಾನು ಬಿಡುವುದಿಲ್ಲ ಎಂಬುದು ದೊಡ್ಡ ಸಂಗತಿಯಲ್ಲ. ಎಂಟನೇ ತರಗತಿಯ ಹುಡುಗಿ ಬಿಡುವುದಿಲ್ಲ ಎಂಬುದು ದೊಡ್ಡ ಸಂಗತಿ.

ಮಣಿಪಾಲದಲ್ಲಿ ಓದುವ ಗೆಳೆಯರಿಗೆ ಎಂಡ್ ಪಾಯಿಂಟ್ ಗೊತ್ತು. ಅಲ್ಲಿಂದ ಕೆಳಗೆ ಸ್ವರ್ಣಾ ನದಿ ಕಾಣುತ್ತದೆ. ಫೋಟೋ ತೆಗೆದು ಹಿಂದೆ ತಿರುಗುವವರೇ ಹೆಚ್ಚು. ಆ ನೀರಿನ ಪಕ್ಕಕ್ಕೆ ಇಳಿದು ಹೋಗುವ ದಾರಿಗಳು ಇವೆ ಎಂಬುದು ಅನೇಕರಿಗೆ ತಿಳಿದಿಲ್ಲ. ಉತ್ತರಕ್ಕೆ ಸ್ವರ್ಣಾ, ಸೀತಾ, ನಡುವೆ ಉದ್ಯಾವರದ ಕಡೆ ಹರಿಯುವ ಪಾಪನಾಶಿನಿ, ದಕ್ಷಿಣಕ್ಕೆ ಶಾಂಭವಿ. ಈ ಹೊಳೆಗಳ ನಡುವೆ ಮುರಕಲ್ಲಿನ ಗುಡ್ಡೆಗಳು. ಕಾಪುವಿನ ದೀಪಸ್ತಂಭದ ಬುಡದಿಂದ ಹೊರಟು, ಹೆದ್ದಾರಿ ದಾಟಿ, ಶಿರ್ವ, ಬೆಳ್ಮಣ್, ನಿಟ್ಟೆಯ ಆಚೀಚಿನ ಒಳದಾರಿಗಳಲ್ಲಿ ಹೋದರೆ ಅರ್ಧ ದಿನದಲ್ಲಿ ಕಾರ್ಕಳದ ಗೊಮ್ಮಟನ ಗುಡ್ಡೆ ಮುಟ್ಟಬಹುದು. ದಾರಿಯಲ್ಲಿ ಮುದ್ದಣನ ನಂದಳಿಕೆಗೆ ಒಂದು ಸುತ್ತು ಬಳಸಿ ಬರಲೂಬಹುದು. ಎಷ್ಟೋ ಕಡೆ ಹತ್ತು ನಿಮಿಷಕ್ಕೊಂದು ವಾಹನ. ಉಳಿದಂತೆ ತೋಡಿನ ನೀರು, ಕೆಂಬೂತ, ಯಾರದೋ ಮನೆಯ ರೇಡಿಯೋ.

ಇದನ್ನು ನಿಸರ್ಗದ ಕೊಡುಗೆ ಎಂದು ನಾವು ಬರೆಯುತ್ತೇವೆ. ಸುಳ್ಳು. ಈ ಮೌನ ಬಂದದ್ದು ರಸ್ತೆಯ ಆಕಾರದಿಂದ. ತುಳುನಾಡಿನ ನೆಲವನ್ನು ನಮ್ಮ ಹಿರಿಯರು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿದ್ದರು. ಬೈಲು ಎಂದರೆ ನೀರು ನಿಲ್ಲುವ ತಗ್ಗಿನ ಗದ್ದೆ, ಮಜಲು ನಡುವಿನ ಮೆಟ್ಟಿಲು, ಬೆಟ್ಟು ಮೇಲಿನ ಒಣಭೂಮಿ. ನಮ್ಮ ಒಳರಸ್ತೆಗಳು ಹೆಚ್ಚಿನವು ಈ ವಿಂಗಡಣೆಯನ್ನು ಅನುಸರಿಸಿ ಬೆಳೆದ ಕಾಲುದಾರಿಗಳು. ಮೊದಲು ಗಾಡಿದಾರಿಯಾದವು, ಆಮೇಲೆ ಡಾಮರು ಬಂತು. ಗದ್ದೆಯನ್ನು ಸೀಳದೆ ಅಂಚಿನಲ್ಲಿ ಹೋಗುತ್ತವೆ, ಬನ ಸಿಕ್ಕಿದರೆ ಬಳಸುತ್ತವೆ, ಚಡಾವು ಬಂದರೆ ಓರೆಯಾಗಿ ಹತ್ತುತ್ತವೆ. ಮುಂದೆ ಏನಿದೆ ಎಂದು ಕಾಣುವುದಿಲ್ಲವಾದ್ದರಿಂದ ಕಾರಿನವನೂ ನಿಧಾನ ಮಾಡುತ್ತಾನೆ. ಅವನು ಒಳ್ಳೆಯವನು ಅಂತಲ್ಲ, ತಿರುವು ಅವನನ್ನು ಒಳ್ಳೆಯವನನ್ನಾಗಿ ಮಾಡಿದೆ. ತಿರುವು ತೆಗೆಯಿರಿ, ಆಗ ನೋಡಿ.

ನೋಡಲಿಕ್ಕೆ ದೂರ ಹೋಗಬೇಕಿಲ್ಲ. ರಾಷ್ಟ್ರೀಯ ಹೆದ್ದಾರಿ 66 ನಾಲ್ಕು ಪಥವಾಯಿತು. ಸಾಲುಮರಗಳು ಹೋದವು. ಕಾಪು, ಕಟಪಾಡಿಗಳಲ್ಲಿ ಹೆದ್ದಾರಿಯ ಈಚೆಯವರು ಆಚೆಯ ಅಂಗಡಿಗೆ ಹೋಗುವುದೇ ಒಂದು ಪ್ರಯಾಣವಾಯಿತು. ಸೈಕಲ್ಲಿನವರು ಸುತ್ತಿ ಬರಲಾರದೆ ಎದುರು ದಿಕ್ಕಿನಲ್ಲಿ ಬರುತ್ತಾರೆ, ಬೈಸಿಕೊಳ್ಳುತ್ತಾರೆ. ನನ್ನನ್ನೇ ಒಮ್ಮೆ ಟೈಮಿಂಗಿನ ಗಡಿಬಿಡಿಯಲ್ಲಿದ್ದ ಬಸ್ಸೊಂದು ಚರಂಡಿಗೆ ಇಳಿಸಿತು. ಮೊಣಕೈ ಹರಿಯಿತು, ಅಷ್ಟೆ. ಕಂಡಕ್ಟರ್ ಬಾಗಿಲಲ್ಲಿ ನಿಂತು, "ಹೆದ್ದಾರಿಯಲ್ಲಿ ನಿಮಗೆಂತ ಕೆಲಸ?" ಎಂದು ಕೂಗಿದ. ಸಿಟ್ಟು ಬಂದರೂ ಪ್ರಶ್ನೆ ನ್ಯಾಯವಾದದ್ದೇ ಅನಿಸಿತು. ಹಾಗಾದರೆ ನನಗೆ ಎಲ್ಲಿ ಕೆಲಸ? ಒಳರಸ್ತೆಯಲ್ಲಿ. ಈಗ ಒಳರಸ್ತೆಯನ್ನೂ ಹೆದ್ದಾರಿಯ ಮರಿ ಮಾಡಲು ಹೊರಟಿದ್ದಾರೆ.

ಇದಕ್ಕೆ ಸಿಗುವ ಉತ್ತರ ನನಗೆ ಗೊತ್ತು: "ನಿಮಗೆ ಹವ್ಯಾಸ, ನಮಗೆ ಬದುಕು. ಆ್ಯಂಬುಲೆನ್ಸ್ ಬರಬೇಡವೇ? ಬಸ್ಸು ಬರಬೇಡವೇ?" ಬರಬೇಕು. ಡಾಮರು ಬೇಡ ಎಂದು ನಾನು ಹೇಳಿಲ್ಲ. ಹೊಂಡ ಮುಚ್ಚಿ, ಕಿರುಸೇತುವೆ ಗಟ್ಟಿ ಮಾಡಿ, ಎರಡು ವಾಹನ ಎದುರಾಗುವಲ್ಲಿ ಬದಿಗೆ ಸರಿಯಲು ಜಾಗ ಮಾಡಿ. ಇದಕ್ಕೆ ಗುಡ್ಡೆ ಕಡಿಯಬೇಕಿಲ್ಲ. ಆ್ಯಂಬುಲೆನ್ಸ್ ತಡವಾಗುವುದು ನಗರದ ಸರ್ಕಲ್ಲಿನ ಕಾರುಗಳ ನಡುವೆ, ಗದ್ದೆಯ ಅಂಚಿನ ತಿರುವಿನಲ್ಲಿ ಅಲ್ಲ. ಗುಡ್ಡೆಯನ್ನು ನೆಟ್ಟಗೆ ಕಡಿದರೆ ಮಳೆಗಾಲದಲ್ಲಿ ದರೆ ಜರಿದು ಮಣ್ಣು ತೋಡಿಗೆ ಬರುತ್ತದೆ. ತೋಡು ತುಂಬಿದರೆ ಬೈಲು ಮುಳುಗುತ್ತದೆ. ನಷ್ಟ ಗದ್ದೆಯವನದ್ದು. ಅವನ ಮುಖ ಫ್ಲೆಕ್ಸಿನಲ್ಲಿ ಇರುವುದಿಲ್ಲ.

ವೇಗದ ಲೆಕ್ಕ ಶಾಲೆಯ ಪಾಠದಲ್ಲೇ ಇದೆ. ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟು. ಮೂವತ್ತರಲ್ಲಿ ಬಂದ ವಾಹನ ತಾಗಿದರೆ ಬದುಕುವವರೇ ಹೆಚ್ಚು. ಅರವತ್ತರಲ್ಲಿ ಹಾಗೆ ಹೇಳಲಾಗದು. 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನ ಇದನ್ನೇ ಹೇಳಿತು: ನಡೆಯುವವರು, ಸೈಕಲ್ಲಿನವರು ವಾಹನಗಳ ಜೊತೆ ಬೆರೆಯುವ ಕಡೆ ಗಂಟೆಗೆ 30 ಕಿ.ಮೀ. ಮೀರಬಾರದು. ನಮ್ಮ ಕಿರಿದಾದ ರಸ್ತೆಗಳು ಈ ಘೋಷಣೆಯನ್ನು ಯಾವ ಬೋರ್ಡೂ ಇಲ್ಲದೆ ಎಷ್ಟೋ ಕಾಲದಿಂದ ಪಾಲಿಸುತ್ತಿವೆ. ಅವನ್ನು ಕೆಡವಿ, ಅಗಲ ಮಾಡಿ, ಆಮೇಲೆ ಹಂಪು ಹಾಕಿ ವೇಗ ಇಳಿಸುವುದು ಯಾವ ಜಾಣತನ?

ನೆದರ್ಲೆಂಡ್ಸ್ ಸೈಕಲ್ಲಿನ ದೇಶ ಎಂದು ನಾವು ಹೊಗಳುತ್ತೇವೆ, ಅದು ಅವರ ಹುಟ್ಟುಗುಣ ಎಂಬಂತೆ. ಅಲ್ಲಿಯೂ ಯುದ್ಧದ ನಂತರ ಕಾರುಗಳಿಗಾಗಿ ಊರು ಒಡೆದರು. 1971ರಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ಜನ ರಸ್ತೆಯಲ್ಲಿ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಾಯಂದಿರು, ತಂದೆಯಂದಿರು ಬೀದಿಗೆ ಬಂದರು. ಮಕ್ಕಳ ಕೊಲೆ ನಿಲ್ಲಿಸಿ ಎಂಬುದೇ ಚಳವಳಿಯ ಹೆಸರಾಯಿತು. ಅಷ್ಟು ಕಳೆದುಕೊಂಡ ಮೇಲೆ ಅವರು ಮರಳಿ ಪಡೆದದ್ದನ್ನು ನಾವು ಇನ್ನೂ ಕಳೆದುಕೊಂಡಿಲ್ಲ. ನಮ್ಮ ಅದೃಷ್ಟ ಇಷ್ಟೇ.

ಇನ್ನು ನಮ್ಮವರ ಮೇಲೆಯೂ ಒಂದು ಮಾತು. ಭಾನುವಾರ ಬೆಳಿಗ್ಗೆ ಹೆಲ್ಮೆಟ್ಟು, ಬಿಗಿಬಟ್ಟೆ, ಲಕ್ಷ ರೂಪಾಯಿಯ ಸೈಕಲ್ಲು. ಅದನ್ನು ಕಾರಿನ ಬೆನ್ನಿಗೆ ಕಟ್ಟಿ ವಾಹನವಿಲ್ಲದ ರಸ್ತೆ ಹುಡುಕಿಕೊಂಡು ಹೋಗುವವರು ನಾವು. ಆ ರಸ್ತೆಗೆ ಆ ದಿನದ ಮೊದಲ ಕಾರು ನಮ್ಮದೇ. ಮಲ್ಪೆಯ ಪಡುಕೆರೆಯಿಂದ ಮಟ್ಟುವಿನವರೆಗೆ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ ಇರುವ ದಾರಿಯನ್ನು ನಾವೇ ಚಿತ್ರ ಹಾಕಿ ಹಾಕಿ ಊರಿಗೆಲ್ಲ ಸಾರಿದೆವು. ಈಗ ರಜಾದಿನದ ಸಂಜೆ ಅಲ್ಲಿ ಸೈಕಲ್ಲಿಗೆ ಜಾಗ ಹುಡುಕಬೇಕು. ಬಲೆ ಒಣಗಿಸುವವರು, ಮಟ್ಟುಗುಳ್ಳ ಬೆಳೆಯುವವರು ನಮ್ಮ ಚಿತ್ರಗಳಲ್ಲಿ ಹಿನ್ನೆಲೆಯಷ್ಟೇ ಆಗಿದ್ದರು. ನಾಳೆ ಯಾರಾದರೂ ಸೈಕಲ್ ಪ್ರವಾಸೋದ್ಯಮ ಎಂದು ಇಂಟರ್‌ಲಾಕ್ ಹಾಸಿ, ನೀಲಿ ಬಣ್ಣ ಬಳಿದು, ದೊಡ್ಡ ಪಾರ್ಕಿಂಗ್ ಕಟ್ಟಿದರೆ ನಾವು ಚಪ್ಪಾಳೆ ತಟ್ಟುತ್ತೇವೆ. ಅದೂ ಅಗಲೀಕರಣವೇ.

ಈ ರಸ್ತೆಗಳ ನಿಜವಾದ ಸೈಕಲ್ಲಿನವರು ಬೇರೆ. ಪೇಪರ್ ಹಾಕುವವರು, ಡೈರಿಗೆ ಹಾಲು ಒಯ್ಯುವ ಹಿರಿಯರು, ಶಾಲೆಯ ಮಕ್ಕಳು. 2006-07ರಲ್ಲಿ ರಾಜ್ಯ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಆ ಸೈಕಲ್ಲುಗಳ ಗುಣಮಟ್ಟದ ಬಗ್ಗೆ ಎಷ್ಟು ಬೇಕಾದರೂ ನಗಬಹುದು. ಆದರೆ ಬಸ್ಸಿನ ಹೊತ್ತಿಗೆ ಕಾಯದೆ, ಅಣ್ಣನ ಬೈಕಿಗೆ ಕಾಯದೆ ತಾನೇ ಹೈಸ್ಕೂಲಿಗೆ ಹೋಗಿ ಬಂದ ಹುಡುಗಿಗೆ ಅದು ಏನು ಕೊಟ್ಟಿತು ಎಂಬುದನ್ನು ನನ್ನ ತರಗತಿಯಲ್ಲಿ ನೋಡಿದ್ದೇನೆ. ಸಂಜೆಯ ಸ್ಪೆಷಲ್ ಕ್ಲಾಸಿಗೆ ನಿಲ್ಲುವ ಧೈರ್ಯ ಬಂದದ್ದು ಆ ಸೈಕಲ್ಲಿನಿಂದ. ಕೊರೋನಾ ಕಾಲದಲ್ಲಿ ಆ ವಿತರಣೆ ನಿಂತಿತು. ಸೈಕಲ್ಲು ಮತ್ತೆ ಕೊಡಿಸಬಹುದು. ಅದನ್ನು ಬಿಡುವ ರಸ್ತೆ ಹೋದರೆ ಕೊಡಿಸುವುದು ಹೇಗೆ? ಅಗಲವಾದ ರಸ್ತೆಗೆ ಯಾವ ತಾಯಿಯೂ ಮಗಳನ್ನು ಸೈಕಲ್ಲಿನಲ್ಲಿ ಕಳಿಸಲಾರಳು. ಆಗ ಸ್ಕೂಟರು ಬರುತ್ತದೆ, ಸ್ಕೂಟರಿಗೆ ಸಾಲ ಬರುತ್ತದೆ, ವಾಹನ ಹೆಚ್ಚಾಯಿತೆಂದು ಇನ್ನೊಂದು ಅಗಲೀಕರಣ ಬರುತ್ತದೆ.

ಗ್ರಾಮಸಭೆ ವರ್ಷಕ್ಕೆ ಎರಡು ಸಲವಾದರೂ ನಡೆಯಬೇಕು ಎಂಬುದು ಕಾನೂನು. ನಮ್ಮಲ್ಲಿ ಹೋಗುವವರು ಮನೆ, ನೀರು, ಬೀದಿದೀಪ ಕೇಳಲು ಹೋಗುತ್ತಾರೆ. ಅದು ಸರಿಯೇ. ಈ ಸಲ ಮೂರು ವಿಷಯ ಸೇರಿಸಿ ಕೇಳೋಣ: ಹೊಳೆಬದಿಯ ಒಳರಸ್ತೆಗಳನ್ನು ರಿಪೇರಿ ಮಾಡಿ, ಅಗಲ ಮಾಡಬೇಡಿ; ಶಾಲೆ ಇರುವ ದಾರಿಯಲ್ಲಿ 30ರ ಮಿತಿ ಇಡಿ; ಟಿಪ್ಪರುಗಳು ಅಲ್ಲಿ ಒಳದಾರಿ ಹಿಡಿಯದಂತೆ ತಡೆಯಿರಿ. ಕವಿತೆ, ಕತೆ ಓದುವ ಗೆಳೆಯರೇ, ಹೊಳೆಯ ಬಗ್ಗೆ ನೀವು ಬರೆದದ್ದನ್ನು ಪ್ರೀತಿಯಿಂದ ಓದಿದ್ದೇನೆ. ಅದರ ಪಕ್ಕದ ದಾರಿಯ ಬಗ್ಗೆ ನಿಮ್ಮ ಪಂಚಾಯತಿಗೆ ಒಂದು ಅರ್ಜಿಯನ್ನೂ ಬರೆಯಿರಿ.

ನಾಳೆ ಬೆಳಿಗ್ಗೆ ನಾನು ಅಂಗಡಿಯ ಅಣ್ಣನ ಹತ್ತಿರ ನಿಲ್ಲುತ್ತೇನೆ. ಹೋದ ತಿಂಗಳು ಹೇಳಬೇಕಾಗಿದ್ದುದನ್ನು ಹೇಳಲಿಕ್ಕಿದೆ. ಅವರ ಅಂಗಡಿಯ ಜಗಲಿಗೂ ಕೆಂಪು ಗುರುತು ಬಿದ್ದಿದೆ. ಅದನ್ನು ಅವರು ಇನ್ನೂ ನೋಡಿದಂತಿಲ್ಲ.