ಸೋತವರಿಗೂ ಒಂದು ಕುರ್ಚಿ

ಮಕ್ಕಳೇ, ಹೋದ ಸೋಮವಾರ ನನ್ನ ಮೊಮ್ಮಗಳು ಶಾಲೆಯಿಂದ ಬಂದವಳೇ ಚೀಲ ಎಸೆದು, ಮುಖ ಊದಿಸಿಕೊಂಡು ಕೂತಳು. ಏಳನೇ ತರಗತಿಯ ಲೀಡರ್ ಚುನಾವಣೆಯಲ್ಲಿ ಐದು ಓಟಿನಿಂದ ಸೋತಿದ್ದಳು. ಅದಕ್ಕಿಂತ ಹೆಚ್ಚಿನ ಸಿಟ್ಟು ಇನ್ನೊಂದಕ್ಕೆ. ಗೆದ್ದ ಹುಡುಗಿಯೇ ಬಂದು, "ನೀನು ಉಪನಾಯಕಿ ಆಗ್ತೀಯಾ?" ಎಂದು ಕೇಳಿದ್ದಳಂತೆ.

"ಪ್ರಚಾರದಲ್ಲಿ ನನ್ನ ಬಗ್ಗೆ ಏನೇನೋ ಹೇಳಿದಳು ತಾತ. ಈಗ ಅವಳ ಕೈಕೆಳಗೆ ನಾನು ಇರಬೇಕಾ?"

ನಾನು ಉಪದೇಶ ಮಾಡಲು ಹೋಗಲಿಲ್ಲ. ಚುರುಮುರಿ ತಿನ್ನುತ್ತಾ 1980ರ ಅಮೆರಿಕದ ಕಥೆಯೊಂದನ್ನು ಹೇಳಿದೆ. ನಿಮಗೂ ಹೇಳುತ್ತೇನೆ, ಕೇಳಿ.

ಮೊದಲು ಅಲ್ಲಿನ ಪದ್ಧತಿ ತಿಳಿದಿರಲಿ. ನಮ್ಮಲ್ಲಿ ಉಪರಾಷ್ಟ್ರಪತಿಯನ್ನು ಸಂಸತ್ತಿನ ಸದಸ್ಯರು ಬೇರೆಯಾಗಿ ಆರಿಸುತ್ತಾರೆ. ಅಮೆರಿಕದಲ್ಲಿ ಹಾಗಲ್ಲ. ಅಧ್ಯಕ್ಷ ಸ್ಥಾನಕ್ಕೆ ನಿಂತವರೇ ತಮ್ಮ ಉಪಾಧ್ಯಕ್ಷ ಅಭ್ಯರ್ಥಿಯನ್ನು ಆರಿಸಿಕೊಳ್ಳುತ್ತಾರೆ. ಅವರನ್ನು 'ರನ್ನಿಂಗ್ ಮೇಟ್', ಎಂದರೆ ಜೊತೆಗೆ ಓಡುವವರು ಎನ್ನುತ್ತಾರೆ. ಜನ ಒಂದೇ ಓಟಿನಲ್ಲಿ ಇಬ್ಬರನ್ನೂ ಆರಿಸುತ್ತಾರೆ. ಅಧ್ಯಕ್ಷರು ತೀರಿಕೊಂಡರೆ ಉಪಾಧ್ಯಕ್ಷರೇ ಅಧ್ಯಕ್ಷರು. ಆದ್ದರಿಂದ ಈ ಆಯ್ಕೆ ಹುಡುಗಾಟದ್ದಲ್ಲ.

ಆದರೆ ಅದಕ್ಕೂ ಮೊದಲು ಪಕ್ಷದ ಅಭ್ಯರ್ಥಿ ಯಾರೆಂದು ತೀರ್ಮಾನವಾಗಬೇಕಲ್ಲ? ಅದಕ್ಕಾಗಿ ಒಂದೇ ಪಕ್ಷದವರು ರಾಜ್ಯ ರಾಜ್ಯಗಳಲ್ಲಿ ತಮ್ಮತಮ್ಮಲ್ಲೇ ಸೆಣಸುತ್ತಾರೆ. ಇದೇ ಪ್ರೈಮರಿ. ಮನೆಯವರ ಜಗಳ ಹೊರಗಿನವರ ಜಗಳಕ್ಕಿಂತ ಜೋರು ಎನ್ನುವುದು ಇಲ್ಲಿಯೂ ನಿಜ.

1980ರಲ್ಲಿ ರಿಪಬ್ಲಿಕನ್ ಪಕ್ಷದಲ್ಲಿ ಮುಖ್ಯವಾಗಿ ಸೆಣಸಿದವರು ಇಬ್ಬರು. ಒಬ್ಬರು ರೊನಾಲ್ಡ್ ರೇಗನ್, ಹಿಂದೆ ಸಿನಿಮಾ ನಟ, ಆಮೇಲೆ ಕ್ಯಾಲಿಫೋರ್ನಿಯಾದ ಗವರ್ನರ್. ವಯಸ್ಸು 69. ಇನ್ನೊಬ್ಬರು ಜಾರ್ಜ್ ಬುಷ್. ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವರು, ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದವರು.

ಅಯೋವಾ ರಾಜ್ಯದ ಮೊದಲ ಸುತ್ತಿನಲ್ಲಿ ಬುಷ್ ಗೆದ್ದರು. ಮುಂದಿನದು ನ್ಯೂ ಹ್ಯಾಂಪ್‌ಶೈರ್. ಅಲ್ಲಿನ ನ್ಯಾಶುವಾ ಊರಿನಲ್ಲಿ ಇಬ್ಬರ ನಡುವೆ ಚರ್ಚೆ ಏರ್ಪಾಡಾಯಿತು. ಖರ್ಚು ಕೊಟ್ಟಿದ್ದು ರೇಗನ್ ಕಡೆಯವರು. ರೇಗನ್ ಉಳಿದ ನಾಲ್ವರು ಅಭ್ಯರ್ಥಿಗಳನ್ನೂ ವೇದಿಕೆಗೆ ಕರೆತಂದರು. ಗದ್ದಲವಾಯಿತು. ಚರ್ಚೆ ನಡೆಸುತ್ತಿದ್ದವರು ರೇಗನ್ ಅವರ ಮೈಕ್ ಆಫ್ ಮಾಡಿ ಎಂದರು. "ಈ ಮೈಕಿಗೆ ದುಡ್ಡು ಕೊಡುತ್ತಿರುವವನು ನಾನು!" ಎಂದು ರೇಗನ್ ಗುಡುಗಿದರು. ಜನ ಚಪ್ಪಾಳೆ ತಟ್ಟಿದರು. ಬುಷ್ ಮಾತ್ರ ಏನೂ ತೋಚದವರಂತೆ ಕೂತಿದ್ದರು. ಆ ರಾಜ್ಯ ರೇಗನ್ ಪಾಲಾಯಿತು.

ಏಪ್ರಿಲ್‌ನಲ್ಲಿ ಬುಷ್ ತಿರುಗೇಟು ಕೊಟ್ಟರು. ತೆರಿಗೆ ಇಳಿಸುತ್ತೇನೆ, ಸೈನ್ಯಕ್ಕೆ ಹೆಚ್ಚು ಖರ್ಚು ಮಾಡುತ್ತೇನೆ, ಆದರೂ ಬಜೆಟ್ ಸರಿದೂಗಿಸುತ್ತೇನೆ ಎನ್ನುತ್ತಿದ್ದರು ರೇಗನ್. ಬುಷ್ ಅದನ್ನು 'ವೂಡೂ ಅರ್ಥಶಾಸ್ತ್ರ' ಎಂದು ಕರೆದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಮಾಟ ಮಂತ್ರದ ಲೆಕ್ಕ! ಲೆಡ್ಜರಿನ ಮುಂದೆ ಆಯುಷ್ಯ ಕಳೆದ ನನಗೆ ಆ ಮಾತು ಕೇಳಿದರೆ ಇವತ್ತಿಗೂ ನಗು ಬರುತ್ತದೆ.

ಕೊನೆಗೆ ಸೋತವರು ಬುಷ್. ಜುಲೈನಲ್ಲಿ ಡೆಟ್ರಾಯಿಟ್ ನಗರದಲ್ಲಿ ಪಕ್ಷದ ಮಹಾಸಮ್ಮೇಳನ ನಡೆಯಿತು. ಜೊತೆಗಾರನಾಗಿ ರೇಗನ್ ಮೊದಲು ಯೋಚಿಸಿದ್ದು ಮಾಜಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರನ್ನು. 1976ರಲ್ಲಿ ಇದೇ ಫೋರ್ಡ್ ಅವರೊಡನೆ ಸೆಣಸಿ ರೇಗನ್ ಸ್ವಲ್ಪದರಲ್ಲಿ ಸೋತಿದ್ದರು. ಆಗ ಅವರಿಬ್ಬರೂ ಜೋಡಿಯಾಗಲಿಲ್ಲ. ಫೋರ್ಡ್ ಮುಂದೆ ಜಿಮ್ಮಿ ಕಾರ್ಟರ್ ಎದುರು ಸೋತರು. ಈ ಬಾರಿಯೂ ಅಧಿಕಾರ ಹಂಚಿಕೆಯ ಮಾತು ಕುದುರಲಿಲ್ಲ. ರಾತ್ರಿ ಬಹಳ ಹೊತ್ತಾದ ಮೇಲೆ ರೇಗನ್ ಫೋನ್ ಎತ್ತಿಕೊಂಡು ಬುಷ್ ಅವರಿಗೆ ಕರೆ ಮಾಡಿದರು. ಪಕ್ಷದ ಪ್ರಣಾಳಿಕೆಗೆ ನಿಮ್ಮ ಬೆಂಬಲ ಇದೆಯೇ ಎಂದು ಕೇಳಿದರು. ಬುಷ್ ಒಪ್ಪಿದರು. ನವೆಂಬರ್‌ನಲ್ಲಿ ಈ ಜೋಡಿ 50 ರಾಜ್ಯಗಳಲ್ಲಿ 44ನ್ನು ಗೆದ್ದಿತು.

ಗೆದ್ದದ್ದು ದೊಡ್ಡದಲ್ಲ ಮಕ್ಕಳೇ. ನಿಜವಾದ ಪರೀಕ್ಷೆ ಬಂದದ್ದು 1981ರ ಮಾರ್ಚ್ 30ರಂದು. ವಾಷಿಂಗ್ಟನ್ನಿನ ಹೋಟೆಲೊಂದರ ಹೊರಗೆ ರೇಗನ್ ಅವರಿಗೆ ಗುಂಡೇಟು ಬಿತ್ತು. ಬುಷ್ ಆಗ ಟೆಕ್ಸಾಸ್‌ನಲ್ಲಿದ್ದರು. ವಿಮಾನ ಕೂಡಲೇ ವಾಷಿಂಗ್ಟನ್ನಿಗೆ ಹೊರಟಿತು. ಹೆಲಿಕಾಪ್ಟರಿನಲ್ಲಿ ನೇರವಾಗಿ ಶ್ವೇತಭವನದ ಹುಲ್ಲುಹಾಸಿನ ಮೇಲೇ ಇಳಿಯೋಣ ಎಂದು ಜೊತೆಯವರು ಸೂಚಿಸಿದರು. ಬುಷ್ ಒಪ್ಪಲಿಲ್ಲ. ಅಲ್ಲಿ ಇಳಿಯುವುದು ಅಧ್ಯಕ್ಷರು ಮಾತ್ರ ಎಂದರು. ತಮ್ಮ ನಿವಾಸದ ಬಳಿ ಇಳಿದು, ಕಾರಿನಲ್ಲಿ ಹೋದರು. ರೇಗನ್ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಸಂಪುಟದ ಸಭೆ ನಡೆಸಿದಾಗಲೂ ಅಧ್ಯಕ್ಷರ ಕುರ್ಚಿಯಲ್ಲಿ ಕೂರಲಿಲ್ಲ, ತಮ್ಮ ಕುರ್ಚಿಯಲ್ಲೇ ಕೂತರು. ಒಂದು ವರ್ಷದ ಹಿಂದೆ ಅದೇ ಕುರ್ಚಿಗಾಗಿ ಊರೂರು ಅಲೆದಿದ್ದ ಮನುಷ್ಯ! ರೇಗನ್ ಚೇತರಿಸಿಕೊಂಡರು. ಇಬ್ಬರೂ ವಾರಕ್ಕೊಮ್ಮೆ, ಗುರುವಾರ, ಜೊತೆಯಲ್ಲಿ ಊಟ ಮಾಡುವುದನ್ನು ರೂಢಿ ಮಾಡಿಕೊಂಡಿದ್ದರು. 1988ರ ಚುನಾವಣೆಯಲ್ಲಿ ಬುಷ್ ಅವರೇ ಅಧ್ಯಕ್ಷರಾಗಿ ಗೆದ್ದರು.

ಮೊಮ್ಮಗಳು ಅಷ್ಟಕ್ಕೇ ಬಿಡಲಿಲ್ಲ. "ಆ ಮಾಟ ಮಂತ್ರದ ಮಾತು ಏನಾಯ್ತು ತಾತ?"

ಒಳ್ಳೆಯ ಪ್ರಶ್ನೆ. ಆಡಿದ ಮಾತು ಎಲ್ಲಿಗೂ ಹೋಗುವುದಿಲ್ಲ. 1982ರಲ್ಲಿ ಬುಷ್, ನಾನು ಹಾಗೆ ಅಂದೇ ಇಲ್ಲ, ಬೇಕಾದರೆ ಹುಡುಕಿ ತೋರಿಸಿ ಎಂದರು. ಟಿ.ವಿ.ಯವರು ಟೇಪನ್ನೇ ಹುಡುಕಿ ಹಾಕಿಬಿಟ್ಟರು! ರೇಗನ್ ಕಾಲದಲ್ಲಿ ಅಮೆರಿಕದ ಸಾಲ ಹೆಚ್ಚುಕಡಿಮೆ ಮೂರು ಪಟ್ಟಾಯಿತು. ಬುಷ್ ಎಚ್ಚರಿಸಿದ್ದರಲ್ಲಿ ಹುರುಳಿತ್ತು ಅನ್ನಿಸುತ್ತದೆ. ಜೊತೆಗೂಡಬೇಕಾದರೆ ಕೋಪವನ್ನು ನುಂಗಬೇಕು, ನಿಜ. ಆದರೆ ಆಡಿದ ಮಾತನ್ನು ಆಡಿಲ್ಲ ಎನ್ನಬೇಕಾಗಿಲ್ಲ. "ಆಗ ಹಾಗೆ ಅಂದಿದ್ದೆ, ಈಗಲೂ ಒಂದಿಷ್ಟು ಅನುಮಾನ ಇದೆ, ಆದರೂ ಜೊತೆಗೆ ದುಡಿಯುತ್ತೇನೆ" ಎಂದಿದ್ದರೆ ಬುಷ್ ಅವರ ಗೌರವ ಹೆಚ್ಚುತ್ತಿತ್ತು.

ಕಥೆ ಮುಗಿದ ಮೇಲೆ ನಾನು ಯಾರಿಗೂ ಹೇಳದ ಒಂದು ಸಂಗತಿಯನ್ನೂ ಅವಳಿಗೆ ಹೇಳಿದೆ. ಅದೇ ವರ್ಷಗಳಲ್ಲಿ ನಮ್ಮ ಬ್ಯಾಂಕ್ ನೌಕರರ ಸಂಘದ ಚುನಾವಣೆಯಲ್ಲಿ ನಾನೂ ಸೋತಿದ್ದೆ. ಗೆದ್ದ ಗೆಳೆಯ ನನ್ನ ಕೌಂಟರಿಗೇ ಬಂದು, "ಜಂಟಿ ಕಾರ್ಯದರ್ಶಿ ಆಗು ಮಾರಾಯ" ಎಂದ. ನಾನು ತಲೆ ಎತ್ತದೆ ನೋಟು ಎಣಿಸುತ್ತಾ, "ಕ್ಯಾಷ್ ಟ್ಯಾಲಿ ಆಗಿಲ್ಲ, ಆಮೇಲೆ ಬಾ" ಎಂದೆ. ಅವನು ಮತ್ತೆ ಬರಲಿಲ್ಲ. ಅವನ ಮಗಳ ಮದುವೆಗೂ ನಾನು ಹೋಗಲಿಲ್ಲ. ಆ ದಿನದ ಕ್ಯಾಷ್ ಟ್ಯಾಲಿ ಆಯಿತು, ನಮ್ಮಿಬ್ಬರದು ಆಗಲೇ ಇಲ್ಲ.

ಮರುದಿನ ಮೊಮ್ಮಗಳು ಉಪನಾಯಕಿಯಾಗಲು ಒಪ್ಪಿಕೊಂಡಳು, ಒಂದು ಷರತ್ತಿನ ಮೇಲೆ. ವಾರಕ್ಕೊಂದು ಗ್ರಂಥಾಲಯದ ಪೀರಿಯಡ್ ಬೇಕೆಂಬುದು ಪ್ರಚಾರದಲ್ಲಿ ಇವಳು ಹೇಳಿದ್ದ ಮಾತು. ಅದನ್ನು ಕೇಳಲು ಇಬ್ಬರೂ ಒಟ್ಟಿಗೆ ಹೆಡ್‌ಮಿಸ್ ಹತ್ತಿರ ಹೋಗಬೇಕು ಎಂದಳಂತೆ. ಗೆದ್ದವಳು ಕೂಡಲೇ ಹೂಂ ಅಂದಳಂತೆ.

ನನ್ನ ವಯಸ್ಸಿನ ಅಜ್ಜ ಅಜ್ಜಿಯರೇ, ನಿಮ್ಮಲ್ಲೂ ಇಂಥ ಹಳೆಯ ಬಾಕಿ ಇರಬಹುದು. ನಾನಂತೂ ಆ ಗೆಳೆಯನ ಫೋನ್ ನಂಬರ್ ಸಂಪಾದಿಸಿದ್ದೇನೆ. ಎರಡು ಸಲ ಒತ್ತಿ, ರಿಂಗ್ ಆಗುವ ಮೊದಲೇ ಇಟ್ಟುಬಿಟ್ಟೆ. ಮೂರನೆಯ ಸಲ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡುತ್ತೇನೆ.